ದೇವನಹಳ್ಳಿ

ದೇವನಹಳ್ಳಿ ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರ. ಬೆಂಗಳೂರಿನಿಂದ ಉತ್ತರಕ್ಕೆ 40 ಕಿ.ಮೀ. ಆಸುಪಾಸಿನಲ್ಲಿ, ಹೈದರಾಬಾದಿನತ್ತ ಸಾಗುವ 44ನೇ ರಾಷ್ಟ್ರೀಯ ಹೆದ್ದಾರಿಯ ಮೇಲಿದೆ. ಕೋಟೆ, ಟಿಪ್ಪು ಸುಲ್ತಾನನ ಜನ್ಮಸ್ಥಳ ಮತ್ತು ಚಕ್ಕೋತ ಹಣ್ಣಿಗೆ ಹೆಸರಾಗಿದ್ದ ಈ ಊರಿನ ಪಕ್ಕದಲ್ಲಿ 2008ರಲ್ಲಿ ಬೆಂಗಳೂರಿನ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣ ತೆರೆಯಿತು. ಕಡಲಿಲ್ಲದ ಬಯಲುಸೀಮೆಗೆ ಇಂದು ಬಂದರಿನ ಕೆಲಸ ಮಾಡುತ್ತಿರುವುದು ಈ ನಿಲ್ದಾಣವೇ.

ಇತಿಹಾಸ

ಕಂಚಿಯ ಕಡೆಯಿಂದ ವಲಸೆ ಬಂದು ನಂದಿಬೆಟ್ಟದ ಸೀಮೆಯಲ್ಲಿ ನೆಲೆಯೂರಿದ ಆವತಿ ನಾಡಪ್ರಭುಗಳ ವಂಶದ ಮಲ್ಲಬೈರೇಗೌಡ 1501ರಲ್ಲಿ ಇಲ್ಲಿ ಮಣ್ಣಿನ ಕೋಟೆ ಕಟ್ಟಿಸಿದ. ಆಗ ಊರಿನ ಹೆಸರು ದೇವನದೊಡ್ಡಿ. ಸುಮಾರು ಎರಡೂವರೆ ಶತಮಾನ ಗೌಡರ ಕೈಯಲ್ಲಿದ್ದ ಕೋಟೆಯನ್ನು 1749ರಲ್ಲಿ ಮೈಸೂರಿನ ದಳವಾಯಿ ನಂಜರಾಜಯ್ಯ ಮುತ್ತಿಗೆ ಹಾಕಿ ಗೆದ್ದ. ಆ ಮುತ್ತಿಗೆಯಲ್ಲಿ ದಳವಾಯಿಯ ಕಣ್ಣಿಗೆ ಬಿದ್ದ ಒಬ್ಬ ಸೈನಿಕ ಹೈದರ್ ಅಲಿ. ಅವನ ಏಳಿಗೆ ಶುರುವಾದದ್ದು ಇಲ್ಲಿಂದ. ಮುಂದೆ ಕೋಟೆಗೆ ಕಲ್ಲಿನ ಗೋಡೆ ಕಟ್ಟಿಸಿದವನೂ ಅವನೇ. ಮೂರನೇ ಮೈಸೂರು ಯುದ್ಧದಲ್ಲಿ, 1791ರಲ್ಲಿ, ಬೆಂಗಳೂರು ಕೋಟೆ ಬಿದ್ದ ಬಳಿಕ ಕಾರ್ನ್‌ವಾಲಿಸ್ ಇದನ್ನೂ ವಶಪಡಿಸಿಕೊಂಡ. ಕೋಟೆಯೊಳಗೆ ವೇಣುಗೋಪಾಲಸ್ವಾಮಿ ದೇವಾಲಯವಿದೆ. ಟಿಪ್ಪು ಹುಟ್ಟಿದ ಜಾಗವೆಂದು ಗುರುತಿಸಿದ ಚಿಕ್ಕ ಸ್ಮಾರಕ ಕೋಟೆಯ ಹತ್ತಿರದಲ್ಲಿದೆ.

ಆಮೇಲಿನ ಎರಡು ಶತಮಾನ ದೇವನಹಳ್ಳಿ ಸಂತೆ, ಕಚೇರಿ, ಬೇಸಾಯಗಳ ಸಾಧಾರಣ ಊರಾಗಿ ಉಳಿಯಿತು. ರಾಗಿ, ಹಿಪ್ಪುನೇರಳೆ, ದ್ರಾಕ್ಷಿ ಇಲ್ಲಿನ ಮುಖ್ಯ ಬೆಳೆಗಳು. ಇದೇ ತಾಲ್ಲೂಕಿನ ವಿಜಯಪುರ ರೇಷ್ಮೆಗೆ ಪ್ರಸಿದ್ಧ. ದೇವನಹಳ್ಳಿ ಚಕ್ಕೋತಕ್ಕೂ ಈ ಭಾಗದ ಬೆಂಗಳೂರು ನೀಲಿ ದ್ರಾಕ್ಷಿಗೂ ಭೌಗೋಳಿಕ ಸೂಚಕ ಮಾನ್ಯತೆ ದೊರೆತಿದೆ.

ವಿಮಾನ ನಿಲ್ದಾಣ

ಕರ್ನಾಟಕದ ದೊಡ್ಡ ಕಡಲ ಬಂದರು ಮಂಗಳೂರಿನ ಪಣಂಬೂರಿನಲ್ಲಿದೆ. ಅದಕ್ಕೂ ಬೆಂಗಳೂರಿಗೂ ನಡುವೆ ಪಶ್ಚಿಮಘಟ್ಟ ಅಡ್ಡ ನಿಂತಿದೆ. ಬೆಂಗಳೂರು ಹೊರಗೆ ಕಳಿಸುವ ಸರಕೋ ತೂಕದಲ್ಲಿ ಕಡಿಮೆ, ಬೆಲೆಯಲ್ಲಿ ಹೆಚ್ಚು: ಔಷಧ, ಎಲೆಕ್ಟ್ರಾನಿಕ್ ಬಿಡಿಭಾಗ, ಸಿದ್ಧ ಉಡುಪು, ಗುಲಾಬಿ ಹೂ. ಇಂಥ ಸರಕಿಗೆ ಹಡಗಿಗಿಂತ ವಿಮಾನವೇ ಹೊಂದುತ್ತದೆ. ಆದರೆ ನಗರದೊಳಗಿನ ಹಳೆಯ ಎಚ್‌ಎಎಲ್ ವಿಮಾನ ನಿಲ್ದಾಣಕ್ಕೆ ಬೆಳೆಯಲು ಜಾಗವಿರಲಿಲ್ಲ.

ಹೊಸ ನಿಲ್ದಾಣದ ಯೋಚನೆ 1990ರ ದಶಕದ ಆರಂಭದ್ದು. ಟಾಟಾ ಮತ್ತು ರೇಥಿಯಾನ್ ಸೇರಿದ್ದ ಒಕ್ಕೂಟ ಮುಂದೆ ಬಂದು 1998ರಲ್ಲಿ ಹಿಂದೆ ಸರಿಯಿತು. 2001ರಲ್ಲಿ ಸ್ಥಾಪನೆಯಾದ ಬೆಂಗಳೂರು ಅಂತಾರಾಷ್ಟ್ರೀಯ ವಿಮಾನ ನಿಲ್ದಾಣ ಕಂಪನಿ (ಬಿಐಎಎಲ್) 2004ರಲ್ಲಿ ಕೇಂದ್ರ ಸರ್ಕಾರದೊಂದಿಗೆ ಒಪ್ಪಂದ ಮಾಡಿಕೊಂಡು, 2005ರ ಜುಲೈನಲ್ಲಿ ಸುಮಾರು 4,000 ಎಕರೆ ನೆಲದಲ್ಲಿ ಕಾಮಗಾರಿ ಶುರುಮಾಡಿತು. 2008ರ ಮೇ 24ರಂದು ವಿಮಾನಗಳ ಹಾರಾಟ ಆರಂಭವಾಯಿತು. 25 ವರ್ಷಗಳವರೆಗೆ 150 ಕಿ.ಮೀ. ದೂರದೊಳಗೆ ಬೇರೆ ಅಂತಾರಾಷ್ಟ್ರೀಯ ನಿಲ್ದಾಣ ತಲೆಯೆತ್ತದಂತೆ ಆ ಒಪ್ಪಂದ ತಡೆಯಿತು. ದೇವನಹಳ್ಳಿಯ ಬೆಳವಣಿಗೆಯನ್ನು ಅರಿಯಬಯಸುವವರು ಈ ಷರತ್ತನ್ನು ಮರೆಯುವಂತಿಲ್ಲ: ದಕ್ಷಿಣ ಕರ್ನಾಟಕದ ಬಹುಪಾಲು ವಿಮಾನ ವಹಿವಾಟು ಒಂದೇ ತಾಲ್ಲೂಕಿಗೆ ಬಂದು ಸೇರಿದ್ದರಲ್ಲಿ ಅದರ ಪಾಲು ದೊಡ್ಡದು.

2013ರಲ್ಲಿ ನಿಲ್ದಾಣಕ್ಕೆ ಬೆಂಗಳೂರನ್ನು ಕಟ್ಟಿದ ಕೆಂಪೇಗೌಡರ ಹೆಸರಿಡಲಾಯಿತು. ಎರಡನೇ ರನ್‌ವೇ 2019ರ ಡಿಸೆಂಬರಿನಲ್ಲಿ ಬಳಕೆಗೆ ಬಂತು. ಎರಡನೇ ಟರ್ಮಿನಲ್ ಮತ್ತು 108 ಅಡಿ ಎತ್ತರದ ಕೆಂಪೇಗೌಡ ಪ್ರತಿಮೆ 2022ರ ನವೆಂಬರ್ 11ರಂದು ಉದ್ಘಾಟನೆಗೊಂಡವು. ಮೊದಲ ಟರ್ಮಿನಲ್ಲನ್ನು ಕಟ್ಟುವಾಗ ವರ್ಷಕ್ಕೆ ಒಂದು ಕೋಟಿ ಚಿಲ್ಲರೆ ಪ್ರಯಾಣಿಕರ ಲೆಕ್ಕ ಹಾಕಲಾಗಿತ್ತು. 2024–25ರಲ್ಲಿ ಬಂದುಹೋದವರು ನಾಲ್ಕು ಕೋಟಿಗೂ ಹೆಚ್ಚು. ಅದೇ ವರ್ಷ ಸರಕು ಸಾಗಣೆ 5 ಲಕ್ಷ ಟನ್ ದಾಟಿತು. ಹೂ, ಹಣ್ಣು, ತರಕಾರಿಗಳಂಥ ಬೇಗ ಕೆಡುವ ಸರಕಿನ ರಫ್ತಿನಲ್ಲಿ ಇದು ದೇಶದ ಮುಂಚೂಣಿಯ ನಿಲ್ದಾಣ. ದೊಡ್ಡಬಳ್ಳಾಪುರ, ನೆಲಮಂಗಲ ಕಡೆಯ ಪಾಲಿಹೌಸ್‌ಗಳ ಬೆಳೆಗಾರರಿಗೆ ಪರದೇಶದ ಮಾರುಕಟ್ಟೆ ಹತ್ತಿರವಾದದ್ದು ಹೀಗೆ.

ಉದ್ಯಮ ಮತ್ತು ನೆಲ

ನಿಲ್ದಾಣದ ಹಿಂದೆಯೇ ಕೈಗಾರಿಕೆ ಬಂತು. ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ (ಕೆಐಎಡಿಬಿ) ಇಲ್ಲಿ ವೈಮಾನಿಕ ಮತ್ತು ರಕ್ಷಣಾ ಪಾರ್ಕನ್ನು ಅಭಿವೃದ್ಧಿಪಡಿಸಿದೆ. ಬೋಯಿಂಗ್ ಕಂಪನಿಯ 43 ಎಕರೆಯ ಎಂಜಿನಿಯರಿಂಗ್ ಕೇಂದ್ರ 2024ರ ಜನವರಿಯಲ್ಲಿ ತೆರೆಯಿತು. ಐಫೋನ್ ತಯಾರಿಸುವ ಫಾಕ್ಸ್‌ಕಾನ್ ಘಟಕವೂ ಈ ಭಾಗದಲ್ಲಿದೆ. ಜಿಲ್ಲಾ ಆಡಳಿತದ ಕಚೇರಿಗಳು ತಾಲ್ಲೂಕಿನ ಬೀರಸಂದ್ರದ ಬಳಿಗೆ ಬಂದಿವೆ. ಜಿಲ್ಲೆಗೆ ಬೆಂಗಳೂರು ಉತ್ತರ ಎಂದು ಹೆಸರಿಡಲು ರಾಜ್ಯ ಸಚಿವ ಸಂಪುಟ 2025ರ ಜುಲೈನಲ್ಲಿ ಒಪ್ಪಿತು. ಇದೇ ಜಿಲ್ಲೆಯ ಮುದ್ದೇಲಿಂಗನಹಳ್ಳಿಯಲ್ಲಿ ರೈಲು ಮತ್ತು ರಸ್ತೆಯನ್ನು ಬೆಸೆಯುವ 400 ಎಕರೆಯ ಸರಕು ಸಾಗಣೆ ಪಾರ್ಕಿಗೂ ಯೋಜನೆ ರೂಪಿಸಲಾಯಿತು.

ಇಷ್ಟೆಲ್ಲಕ್ಕೂ ಬೇಕಾದದ್ದು ನೆಲ, ಅದು ಸಿಕ್ಕಿದ್ದು ಬೇಸಾಯಗಾರರಿಂದ. ದ್ರಾಕ್ಷಿ ಚಪ್ಪರಗಳಿದ್ದ ಹೊಲಗಳು ಲೇಔಟುಗಳಾದವು. ಎಕರೆಯ ಬೆಲೆ ಏರಿದಾಗ ಮಾರಿದವರ ಕೈಗೆ ಹಣ ಬಂತು. ಹೊಲದ ಕೂಲಿಯನ್ನೇ ನಂಬಿದ್ದ ಭೂಮಿಯಿಲ್ಲದವರಿಗೆ ಆ ಹಣದಲ್ಲಿ ಪಾಲಿರಲಿಲ್ಲ, ಹೊಲದೊಂದಿಗೆ ಅವರ ದುಡಿಮೆಯೂ ಹೋಯಿತು. ಅಭಿವೃದ್ಧಿಯ ಲೆಕ್ಕದಲ್ಲಿ ಈ ನಷ್ಟವನ್ನೂ ಬರೆಯಲೇಬೇಕು.

ಇದೇ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆಯನ್ನು ವೈಮಾನಿಕ ಪಾರ್ಕಿಗಾಗಿ ವಶಪಡಿಸಿಕೊಳ್ಳಲು ಸರ್ಕಾರ 2022ರ ಆರಂಭದಲ್ಲಿ ಅಧಿಸೂಚನೆ ಹೊರಡಿಸಿದಾಗ ರೈತರು ಒಪ್ಪಲಿಲ್ಲ. ಆ ವರ್ಷದ ಏಪ್ರಿಲ್‌ನಲ್ಲಿ ಧರಣಿ ಕೂತವರು ಮೂರು ವರ್ಷ ಮೀರಿ ಜಾಗ ಬಿಡಲಿಲ್ಲ. ದಲಿತ, ಕಾರ್ಮಿಕ, ಮಹಿಳಾ ಸಂಘಟನೆಗಳೂ ಬರಹಗಾರರೂ ಅವರ ಜೊತೆ ನಿಂತರು. 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ರೈತ ಮುಖಂಡರ ಸಭೆಯಲ್ಲಿ ಭೂಸ್ವಾಧೀನವನ್ನು ಕೈಬಿಟ್ಟಿರುವುದಾಗಿ ಘೋಷಿಸಿದರು. ತಾವಾಗಿಯೇ ಜಮೀನು ಕೊಡಲು ಬಯಸುವವರಿಂದ ಮಾತ್ರ, ಹೆಚ್ಚಿನ ಪರಿಹಾರ ಕೊಟ್ಟು ಖರೀದಿಸುವುದಾಗಿ ಸರ್ಕಾರ ತಿಳಿಸಿತು.