ಆರುನೂರು ಹುಡುಗರ ಇತಿಹಾಸ

ಪದವಿ ಪರೀಕ್ಷೆಯ ಮೌಲ್ಯಮಾಪನಕ್ಕೆ ಹೋದಾಗಲೆಲ್ಲ ಒಂದು ಪ್ರಶ್ನೆ ಎದುರಾಗುತ್ತಿತ್ತು: ಯುರೋಪಿನ ಮಧ್ಯಯುಗವನ್ನು ಕತ್ತಲೆಯ ಯುಗವೆನ್ನಲು ಕಾರಣಗಳೇನು? ಕತ್ತಲೆ ಇತ್ತೇ ಎಂದು ಯಾರೂ ಕೇಳಲಿಲ್ಲ. ಕಾರಣ ಬರೆದರೆ ಹತ್ತು ಅಂಕ. ಈಚೆಗೆ ಗಾಳಿ ತಿರುಗಿದೆ. ಅದು ವಿಶ್ವವಿದ್ಯಾಲಯಗಳ ಸುವರ್ಣಯುಗವಂತೆ. ಮೂವತ್ತು ವರ್ಷ ಇದನ್ನೇ ಪಾಠ ಹೇಳಿದ ನನಗೆ ಎರಡೂ ಅರ್ಧಂಬರ್ಧ ಓದಿನ ಫಲವಾಗಿ ಕಾಣುತ್ತವೆ.

ಕತ್ತಲೆಯ ಮಾತಿನ ಮೂಲ 14ನೇ ಶತಮಾನದ ಕವಿ ಪೆಟ್ರಾರ್ಕ್. ರೋಮಿನ ಮೋಹದಲ್ಲಿ ಆತ ನಡುವಿನ ಶತಮಾನಗಳನ್ನು ತಳ್ಳಿಹಾಕಿದ. ಮುಂದಿನವರು ಉರು ಹೊಡೆದರು. 1860ರಲ್ಲಿ ಬರ್ಕ್‌ಹಾರ್ಟ್ ಅದಕ್ಕೆ ಪಾಂಡಿತ್ಯದ ಮುದ್ರೆ ಒತ್ತಿದ. ಹುಡುಗರಿಗೆ ಓದು ಕಲಿಸುವ ಶಾಲೆಗಳಿರಲಿ ಎಂದು ಷಾರ್ಲೆಮೇನ್ 789ರಲ್ಲೇ ಆಜ್ಞೆ ಮಾಡಿದ್ದು, 12ನೇ ಶತಮಾನದ ಟೊಲೆಡೊದಲ್ಲಿ ಕ್ರೆಮೋನಾದ ಗೆರಾರ್ಡ್ ಎಪ್ಪತ್ತರಷ್ಟು ಅರಬ್ಬಿ ಗ್ರಂಥಗಳನ್ನು ಲ್ಯಾಟಿನ್ನಿಗೆ ತಂದದ್ದು ಅಡಿಟಿಪ್ಪಣಿಯಲ್ಲೇ ಉಳಿದವು.

ಆಮೇಲೆ ಬಂದದ್ದು ವಿಶ್ವವಿದ್ಯಾಲಯಗಳ ಜಯಂತಿಯ ಕಾಲ. 1888ರಲ್ಲಿ ಬೊಲೋನ್ಯಾ ತನ್ನ ಎಂಟುನೂರನೇ ವರ್ಷವನ್ನು ಆಚರಿಸಿತು. 1088ರ ಸ್ಥಾಪನಾ ಪತ್ರವೇನೂ ಇಲ್ಲ. ಸಮಿತಿಯೊಂದು ಕೂತು ಒಪ್ಪಿಕೊಂಡ ಇಸವಿ ಅದು. ಜಯಂತಿಗೆ ತಾರೀಕು ಬೇಕಲ್ಲ! 1885ರಲ್ಲಿ ಡೆನಿಫ್ಲೆ, 1895ರಲ್ಲಿ ರಾಷ್‌ಡಾಲ್ ಬೃಹತ್ ಗ್ರಂಥಗಳನ್ನು ತಂದರು. ಹನ್ನೆರಡನೇ ಶತಮಾನದಲ್ಲೇ ಒಂದು ಪುನರುಜ್ಜೀವನ ನಡೆದಿತ್ತೆಂದು 1927ರಲ್ಲಿ ಹ್ಯಾಸ್ಕಿನ್ಸ್ ವಾದಿಸಿದ. ಬೊಲೋನ್ಯಾದಲ್ಲಿ ವಿದ್ಯಾರ್ಥಿಗಳೇ ಮೇಷ್ಟ್ರನ್ನು ಗೊತ್ತುಮಾಡಿ, ತಡವಾಗಿ ಬಂದರೆ ದಂಡ ಹಾಕುತ್ತಿದ್ದರು. ವಿದ್ಯಾರ್ಥಿಗಳ ಕೊಲೆಯನ್ನು ಪ್ರತಿಭಟಿಸಿ ಪ್ಯಾರಿಸ್ಸಿನ ಅಧ್ಯಾಪಕರು 1229ರಿಂದ ಎರಡು ವರ್ಷ ಪಾಠ ನಿಲ್ಲಿಸಿದರು. ಓದಲು ಸೊಗಸು. ಆದರೆ ಅಆಇಈ ಕಲಿಯುವ ಕೂಸು ಈ ಪುಟಗಳಲ್ಲೆಲ್ಲೂ ಇಲ್ಲ.

ಆ ಕೂಸನ್ನು ಕರೆತಂದದ್ದು ನಾವು ಓದಿ ಬೆಳೆದ ಪಂಥ. 1973ರಲ್ಲಿ ನಿಕೊಲಸ್ ಓರ್ಮ್ ಇಂಗ್ಲೆಂಡಿನ ಶಾಲೆಗಳನ್ನು ಹುಡುಕಿಕೊಂಡು ಹೋದ. 1979ರಲ್ಲಿ ಮೈಕೆಲ್ ಕ್ಲಾಂಚಿ, ನೆನಪು ಮತ್ತು ಬಾಯಿಮಾತಿನ ಮೇಲಿದ್ದ ನಂಬಿಕೆ ಬರೆದ ಪತ್ರದ ಮೇಲೆ ಹೇಗೆ ಬಂದು ಕೂತಿತೆಂದು ತೋರಿಸಿದ. ಯಾರು ಪಂಡಿತ ಎನ್ನುವುದನ್ನು ಬಿಟ್ಟು ಅಕ್ಷರ ಯಾರಿಗೆ, ಯಾತಕ್ಕೆ ಬೇಕಾಯಿತು ಎಂದು ಕೇಳುವುದನ್ನು ನಾನು ಕಲಿತದ್ದು ಅವನಿಂದ.

ಇದಕ್ಕೂ ಮೊದಲೇ, 1951ರಿಂದ, ರಷ್ಯಾದ ನೊವ್‌ಗೊರೊಡ್‌ನ ಕೆಸರಿನಿಂದ ಭೂರ್ಜದ ತೊಗಟೆಯ ಓಲೆಗಳು ಎದ್ದು ಬರುತ್ತಿದ್ದವು. ಸಾಲದ ಲೆಕ್ಕ, ಮನೆವಾರ್ತೆ, ಗಂಡಹೆಂಡಿರ ಓಲೆ. ಅವುಗಳಲ್ಲಿ ಕೆಲವು 13ನೇ ಶತಮಾನದ ಆನ್‌ಫಿಮ್ ಎಂಬ ಹುಡುಗನವು, ಆರೇಳು ವರ್ಷದವನಿದ್ದಾನು. ಒಂದರಲ್ಲಿ ಬ, ವ, ಗ, ದ, ಆಮೇಲೆ ಬೆ, ವೆ, ಗೆ, ದೆ ಎಂದು ತಿದ್ದಿದ್ದಾನೆ. ನಮ್ಮ ಕಾಗುಣಿತವೇ ಸರಿ. ಇನ್ನೊಂದರಲ್ಲಿ ವರ್ಣಮಾಲೆ ಶುರುಮಾಡಿದವನಿಗೆ ನಡುವೆ ಬೇಸರವಾಗಿದೆ. ಕುದುರೆಯೇರಿ ಶತ್ರುವನ್ನು ಈಟಿಯಿಂದ ತಿವಿಯುವ ವೀರನ ಚಿತ್ರ ಬರೆದು, ಪಕ್ಕದಲ್ಲಿ ತನ್ನದೇ ಹೆಸರು ಹಾಕಿಕೊಂಡಿದ್ದಾನೆ. ಬೊಲೋನ್ಯಾದ ಶಾಸನಗಳನ್ನೆಲ್ಲ ಒಂದು ತಕ್ಕಡಿಯಲ್ಲಿಟ್ಟರೂ ನನಗೆ ಈ ತೊಗಟೆಯೇ ತೂಕ.

ಇಷ್ಟಾದರೂ ವ್ಯಾಪಾರಿಗಳ ಲೆಕ್ಕದ ಶಾಲೆಗಳನ್ನು ಗಣಿತದ ಇತಿಹಾಸಕಾರರಿಗೆ ಬಿಟ್ಟುಕೊಟ್ಟು ನಾವು ಸುಮ್ಮನಿದ್ದೆವು. ಪೀಸಾದ ಫಿಬೊನಾಚಿ 1202ರ ತನ್ನ ಗ್ರಂಥದಲ್ಲಿ ಭಾರತದ ಅಂಕಿಗಳನ್ನು ವಿವರಿಸಿದ; ಇಟಲಿಯ ಅಂಗಡಿಕಾರರ ಮಕ್ಕಳು ಅವನ್ನು ಕಲಿತದ್ದು ಈ ಶಾಲೆಗಳಲ್ಲಿ, ಮನೆಮಾತಿನಲ್ಲಿ. ಹೆಣ್ಣುಮಕ್ಕಳ ಕಲಿಕೆಯಂತೂ ಇನ್ನೂ ಹಿಂದೆ ಬಿದ್ದಿದೆ. ದುವೋಡಾ ಎಂಬ ತಾಯಿ 841ರಿಂದ 843ರ ನಡುವೆ, ದೂರದಲ್ಲಿದ್ದ ಮಗನಿಗಾಗಿ ಲ್ಯಾಟಿನ್ನಿನಲ್ಲಿ ಒಂದು ಪುಸ್ತಕವನ್ನೇ ಬರೆದಳು. ಪಠ್ಯಪುಸ್ತಕ ಹೆಚ್ಚೆಂದರೆ ಅವಳಿಗೊಂದು ಸಾಲು ಕೊಟ್ಟೀತು.

1338ರ ಸುಮಾರಿನ ಫ್ಲಾರೆನ್ಸಿನ ಬಗ್ಗೆ ಅಲ್ಲಿನ ಚರಿತ್ರೆಕಾರ ವಿಲ್ಲಾನಿ ಒಂದು ಲೆಕ್ಕ ಕೊಟ್ಟಿದ್ದಾನೆ. ಓದು ಕಲಿಯುತ್ತಿದ್ದ ಗಂಡು, ಹೆಣ್ಣುಮಕ್ಕಳು 8,000ದಿಂದ 10,000. ಆರು ಲೆಕ್ಕದ ಶಾಲೆಗಳಲ್ಲಿ 1,000ದಿಂದ 1,200. ವ್ಯಾಕರಣ, ತರ್ಕ ಕಲಿಯುತ್ತಿದ್ದವರು 550ರಿಂದ 600. ಊರಭಿಮಾನದಿಂದ ಉಬ್ಬಿಸಿದ್ದಾನೆಂದೇ ಇಟ್ಟುಕೊಳ್ಳಿ. ನಾವು ಬರೆದ ಇತಿಹಾಸ ಹೆಚ್ಚುಪಾಲು ಆ ಕೊನೆಯ ಆರುನೂರು ಹುಡುಗರದು.

ಪ್ರಶ್ನೆಪತ್ರಿಕೆ ತಯಾರಿಸುವ ಗೆಳೆಯರು ಮುಂದಿನ ಸಲ ಈ ಲೆಕ್ಕವನ್ನೇ ಕೊಟ್ಟು, ಫ್ಲಾರೆನ್ಸಿನ ಆ ಹುಡುಗಿಯರಿಗೆ ಓದು ಕಲಿಸಿದವರು ಯಾರಿರಬಹುದು ಎಂದು ಕೇಳಲಿ. ಹತ್ತು ಅಂಕಕ್ಕೇ ಕೇಳಲಿ.