ಮನೆ ಹಿಂದಿನ ಕನ್ಸರ್ವೆನ್ಸಿ

ಮಲ್ಲೇಶ್ವರಕ್ಕೆ ಬಾಡಿಗೆಗೆ ಬಂದು ಆರು ವರ್ಷ ಆಯ್ತು. ನಮ್ಮ ರಸ್ತೆಗಳಿಗೊಂದು ನಿವಾಸಿಗಳ ಸಂಘ ಇದೆ ಅನ್ನೋದು ನನಗೆ ಗೊತ್ತಿದ್ದದ್ದು ಅದರ ವಾಟ್ಸಾಪ್ ಗ್ರೂಪಿನಿಂದ ಮಾತ್ರ. ಅದರಲ್ಲಿ ಬರೋದು ಎರಡೇ: ಬೆಳಗಿನ ಶುಭಾಶಯ, ಮೂಲೆಯಲ್ಲಿ ಬಿದ್ದ ಕಸದ ಫೋಟೋ. ಕಳೆದ ತಿಂಗಳು ಮೂರನೇದೊಂದು ಬಂತು. ‘ಕನ್ಸರ್ವೆನ್ಸಿ ಲೇನ್ ಅಭಿವೃದ್ಧಿ ಕುರಿತು ಚರ್ಚೆ, ಭಾನುವಾರ ಹತ್ತೂವರೆಗೆ, ಕಾಫಿ ಇದೆ.’ ಹೋದೆ.

ಆರ್ಕಿಟೆಕ್ಟ್ ಹುಡುಗಿಯೊಬ್ಬಳು ಚೆನ್ನಾಗಿ ಸ್ಲೈಡ್ ಮಾಡಿಕೊಂಡು ಬಂದಿದ್ದಳು. ಮನೆಗಳ ಹಿಂದಿನ ಓಣಿಗೆ ನೆಲಹಾಸು, ಗೋಡೆ ತುಂಬ ಚಿತ್ರ, ನಾಲ್ಕು ಬೆಂಚು, ಹಳದಿ ದೀಪ, ಎರಡೂ ತುದಿಗೆ ಕಬ್ಬಿಣದ ಗೇಟು. ಮಲ್ಲೇಶ್ವರದಲ್ಲೇ ಇಂಥ ಕೆಲವು ಓಣಿಗಳು ಈಗಾಗಲೇ ಬಣ್ಣ ಕಂಡು ನಡೆದಾಡೋ ದಾರಿಯಾಗಿವೆ, ಹಾಗಾಗಿ ಯಾರಿಗೂ ಇದು ಕನಸು ಅನ್ನಿಸಲಿಲ್ಲ. ಆದರೆ ಜಗಳ ಶುರುವಾಯ್ತು. ಒಬ್ಬರಿಗೆ ಕಾರು ನಿಲ್ಲಿಸೋಕೆ ಬೇಕು. ಇನ್ನೊಬ್ಬರಿಗೆ ವಾಕಿಂಗ್‌ಗೆ. ಮೂರನೆಯವರು ‘ನಮ್ಮ ಕಾಂಪೌಂಡಿಗೆ ಅಂಟಿಕೊಂಡ ಜಾಗ, ನಮಗೇ ಬರೆದುಕೊಟ್ಟುಬಿಡಲಿ’ ಅಂದರು, ಸ್ವಲ್ಪ ನಗುತ್ತ, ಆದರೆ ಪೂರ್ತಿ ತಮಾಷೆಗಲ್ಲ.

ಈ ಗದ್ದಲದ ಮಧ್ಯೆ ಯಾರೋ ಕೇಳಿದರು: ‘ಅಷ್ಟಕ್ಕೂ ಈ ಲೇನ್ ಯಾಕೆ ಮಾಡಿದ್ದು ಸಾರ್?’

‘ಬ್ರಿಟಿಷರ ಕಾಲದ್ದು ಕಣ್ರೀ. ಕಸ ತಗೊಂಡು ಹೋಗೋಕೆ’ ಅಂದರು ಅಧ್ಯಕ್ಷರು.

ಮುಂದಿನ ಸಾಲಲ್ಲಿ ಕೂತಿದ್ದ ಅಜ್ಜಿ, ವಯಸ್ಸು ಎಂಬತ್ತು ದಾಟಿರಬೇಕು, ಕಾಫಿ ಲೋಟ ಕೆಳಗಿಟ್ಟು ‘ಕಸ ಅಲ್ಲಪ್ಪ’ ಅಂದರು. ಅಷ್ಟೇ ಅಂದದ್ದು. ಸಭೆ ಪಾರ್ಕಿಂಗ್ ಕಡೆಗೆ ತಿರುಗಿಕೊಂಡಿತು.

ಅಧ್ಯಕ್ಷರ ಮಾತಲ್ಲಿ ಎರಡು ತಪ್ಪಿದ್ದವು. ಕಸದ ವಿಷಯ ಅಜ್ಜಿ ಸರಿಮಾಡಿದ್ದರು. ಇನ್ನೊಂದು ಬ್ರಿಟಿಷರದ್ದು. ಆ ಕಾಲಕ್ಕೆ ಬ್ರಿಟಿಷರ ಆಡಳಿತ ಇದ್ದದ್ದು ದಂಡು ಪ್ರದೇಶದಲ್ಲಿ, ನಾವೀಗ ಕಂಟೋನ್ಮೆಂಟ್ ಅನ್ನೋ ಕಡೆ. ಮಲ್ಲೇಶ್ವರ, ಬಸವನಗುಡಿ ಎರಡೂ ಮೈಸೂರು ಸರ್ಕಾರ ಮಾಡಿಸಿದ ಬಡಾವಣೆಗಳು. ದಿವಾನ್ ಶೇಷಾದ್ರಿ ಅಯ್ಯರ್ ಕಾಲ ಅದು. ಹೆಸರಘಟ್ಟದಿಂದ ಪೈಪಲ್ಲಿ ನೀರು ಊರಿಗೆ ಬಂದದ್ದೂ ಅವರ ಕಾಲದಲ್ಲೇ.

‘ಪ್ಲೇಗ್ ಬಂತು, ಅದಕ್ಕೇ ಮಲ್ಲೇಶ್ವರ ಕಟ್ಟಿದರು’ ಅನ್ನೋದು ಹೆರಿಟೇಜ್ ವಾಕ್‌ಗಳಲ್ಲಿ ಎಲ್ಲರೂ ಹೇಳೋ ಕಥೆ. ಅರ್ಧ ನಿಜ. ಪೇಟೆ ತುಂಬಿ ತುಳುಕುತ್ತಿದೆ, ಹೊರಗೆ ಹೊಸ ಬಡಾವಣೆ ಬೇಕು ಅನ್ನೋ ಕೆಲಸ 1890ರ ದಶಕದ ಮೊದಲ ವರ್ಷಗಳಲ್ಲೇ ಶುರುವಾಗಿತ್ತು. ಆದರೆ ಪೇಟೆ ಬಿಟ್ಟು, ಅಂಗಡಿ ಬಿಟ್ಟು, ಗುಡಿ ಬಿಟ್ಟು, ಕಾಡು ಮಲ್ಲೇಶ್ವರನ ಹತ್ತಿರ ಯಾರು ಹೋಗಿ ಮನೆ ಕಟ್ಟುತ್ತಾರೆ? ದೇವಸ್ಥಾನದ ಹೆಸರಲ್ಲೇ ಕಾಡು ಇದೆಯಲ್ಲ. 1898ರ ಆಗಸ್ಟ್‌ನಲ್ಲಿ ಪ್ಲೇಗ್ ಬಂದ ಮೇಲೆ ಆ ಪ್ರಶ್ನೆ ತಾನಾಗೇ ಬಗೆಹರಿಯಿತು. ಹುಬ್ಬಳ್ಳಿ ಕಡೆಯಿಂದ ರೈಲಿನಲ್ಲಿ ಬಂದ ರೋಗ ಅದು. ವಿ.ಪಿ. ಮಾಧವರಾವ್ ಅವರನ್ನ ಪ್ಲೇಗ್ ಕಮಿಷನರ್ ಮಾಡಿದರು. ಪೇಟೆಯ ಮನೆಗಳನ್ನ ಖಾಲಿ ಮಾಡಿಸಿದರು, ಕೆಲವನ್ನ ಕೆಡವಿದರು, ಜನ ಊರ ಹೊರಗಿನ ಶೆಡ್ಡುಗಳಲ್ಲಿ ದಿನ ಕಳೆದರು. ಬೆಂಗಳೂರಲ್ಲಿ ಇವತ್ತಿಗೂ ಅಲ್ಲಲ್ಲಿ ಪ್ಲೇಗಿನಮ್ಮನ ಗುಡಿ ಇರೋದು ಆ ಭಯದ ಗುರುತು. ನಾವೀಗ ‘ಹಳೇ ಬೆಂಗಳೂರು ಉಳಿಸಿ’ ಅಂತ ಯಾವುದನ್ನ ಹಿಡಿದುಕೊಂಡಿದ್ದೀವೋ ಅದು ಅದಕ್ಕಿಂತ ಹಳೇ ಬೆಂಗಳೂರನ್ನ ಖಾಲಿ ಮಾಡಿಸಿ ತುಂಬಿಸಿಕೊಂಡದ್ದು.

ಪ್ಲೇಗ್ ಹೇಗೆ ಹರಡುತ್ತೆ ಅನ್ನೋದು ಆಗ ಇನ್ನೂ ಇತ್ಯರ್ಥ ಆಗಿರಲಿಲ್ಲ. ಇಲಿಯ ಮೈಮೇಲಿನ ಚಿಗಟದಿಂದ ಬರುತ್ತೆ ಅಂತ ಪಾಲ್ ಲೂಯಿ ಸಿಮಾಂಡ್ ಅನ್ನೋ ಫ್ರೆಂಚ್ ವೈದ್ಯ ಕರಾಚಿಯಲ್ಲಿ ಕಂಡುಕೊಂಡದ್ದು ಅದೇ 1898ರಲ್ಲಿ. ಅದನ್ನ ನಂಬೋಕೆ ಲೋಕಕ್ಕೆ ಇನ್ನೂ ಕೆಲವು ವರ್ಷ ಬೇಕಾಯ್ತು. ಅಲ್ಲಿವರೆಗೆ ಎಂಜಿನಿಯರುಗಳು, ಡಾಕ್ಟರುಗಳು ನಂಬಿದ್ದು ಗಾಳಿಯನ್ನ, ಬೆಳಕನ್ನ, ಹೊಲಸಿನಿಂದ ದೂರ ಇರೋದನ್ನ. ಇಕ್ಕಟ್ಟಾದ ಪೇಟೆಯಲ್ಲಿ ಕೆಟ್ಟ ಗಾಳಿ ಕೂತಿರುತ್ತೆ. ಹೊಸ ಬಡಾವಣೆಯಲ್ಲಿ ನೇರ ರಸ್ತೆ, ಸಾಲು ಮರ, ಮನೆಯ ಸುತ್ತ ಖಾಲಿ ಜಾಗ ಇದ್ದರೆ ಗಾಳಿ ಓಡಾಡುತ್ತೆ. ಸಂಪಿಗೆ ರಸ್ತೆಯ ಅಗಲ, ಮಾರ್ಗೋಸಾ ರಸ್ತೆ ಅಂದರೆ ನಮ್ಮ ಬೇವಿನ ರಸ್ತೆಯ ನೆರಳು, ಅಡ್ಡರಸ್ತೆಗಳ ಚದುರಂಗದ ಲೆಕ್ಕ, ಎಲ್ಲ ಆ ನಂಬಿಕೆಯಿಂದ ಬಂದದ್ದು. ಆ ತಪ್ಪು ವಿಜ್ಞಾನದ ನೆರಳಲ್ಲಿ ನಾನು ದಿನಾ ಆಫೀಸಿಗೆ ನಡೆದು ಮೆಟ್ರೋ ಹತ್ತುತ್ತೀನಿ, ಅದಕ್ಕೆ ಋಣಿ.

ಗಾಳಿಯ ಲೆಕ್ಕ ಮುಂಬಾಗಿಲಿನದು. ಹೊಲಸಿನ ಲೆಕ್ಕ ಹಿತ್ತಲಿನದು. ಮನೆಗೆ ಪೈಪಲ್ಲಿ ನೀರು ಬಂದರೂ ಹೊಲಸು ಸಾಗಿಸೋ ಒಳಚರಂಡಿ ಇರಲಿಲ್ಲ. ಬೆಂಗಳೂರಿನ ನಡುಭಾಗಕ್ಕೆ ಒಳಚರಂಡಿಯ ಯೋಜನೆ ಬಂದದ್ದೇ 1920ರ ದಶಕದಲ್ಲಿ. ಅದು ಊರೆಲ್ಲ ಹರಡೋಕೆ ಸ್ವಾತಂತ್ರ್ಯ ಬಂದು ಎಷ್ಟೋ ವರ್ಷ ಹಿಡಿಯಿತು. ಅಲ್ಲಿವರೆಗೆ ಮಲ್ಲೇಶ್ವರದ ಆ ಚೆಂದದ ಮನೆಗಳ ಕಕ್ಕಸು ಇದ್ದದ್ದು ಹಿತ್ತಲ ತುದಿಯಲ್ಲಿ, ಓಣಿಯ ಗೋಡೆಗೆ ಒತ್ತಿಕೊಂಡು. ಕಾಲಿಡೋಕೆ ಎರಡು ಕಲ್ಲು, ಮಧ್ಯೆ ತೂತು, ಕೆಳಗೆ ಡಬ್ಬ. ಓಣಿಯ ಕಡೆಯಿಂದ ಗೋಡೆಯ ಬುಡದಲ್ಲಿ ಮೊಣಕಾಲೆತ್ತರದ ಒಂದು ಕಿಂಡಿ, ಅದಕ್ಕೆ ತಗಡಿನ ಬಾಗಿಲು. ಬೆಳಗ್ಗೆ ಜಲಗಾರರು ಬರುತ್ತಿದ್ದರು, ಗಂಡಸರೂ ಹೆಂಗಸರೂ. ಬಾಗಿ ತಗಡು ಎತ್ತಿ, ಡಬ್ಬ ಎಳೆದು, ಬುಟ್ಟಿಗೋ ಬಕೆಟ್ಟಿಗೋ ಸುರಿದುಕೊಂಡು, ತಲೆ ಮೇಲೆ ಹೊತ್ತು ಗಾಡಿಯ ತನಕ ನಡೆದು, ಮತ್ತೆ ಮುಂದಿನ ಮನೆಯ ಕಿಂಡಿ. ಇಂಗ್ಲಿಷಿನ ಕನ್ಸರ್ವೆನ್ಸಿ ಅನ್ನೋ ಪದಕ್ಕೆ ಆ ಕಾಲದ ಪುರಸಭೆ ಕಡತಗಳಲ್ಲಿ ಅರ್ಥ ಈ ಕೆಲಸ. ನಾವದನ್ನ ಕನ್ಸರ್ವೇಷನ್ ಜೊತೆ ಸೇರಿಸಿಕೊಂಡು ಏನೋ ಹಸಿರು ಹಸಿರಾಗಿ ಕೇಳಿಸಿಕೊಳ್ಳುತ್ತೀವಿ. ನಾನೂ ಹಾಗೇ ಅಂದುಕೊಂಡಿದ್ದೆ.

ಓಣಿಯ ಉದ್ದೇಶ ಹೊಲಸು ಸಾಗಿಸೋದು ಮಾತ್ರ ಆಗಿದ್ದರೆ ಮುಂದಿನ ರಸ್ತೆಯಲ್ಲೂ ಸಾಗಿಸಬಹುದಿತ್ತು. ಸಾಗಿಸುವವರು ಕಣ್ಣಿಗೆ ಬೀಳಬಾರದು, ಎದುರು ಸಿಗಬಾರದು, ಮನೆಯೊಳಗೆ ಕಾಲಿಡದೆ ಕೆಲಸ ಮುಗಿಸಿ ಹೋಗಬೇಕು, ಅದಕ್ಕೆ ಈ ಓಣಿ. ಮುಟ್ಟಬಾರದು ಅನ್ನೋ ಹಳೇ ಊರಿನ ಕಟ್ಟಳೆಯನ್ನ ಹೊಸ ಊರಿನ ನಕ್ಷೆಯಲ್ಲಿ ಸ್ಕೇಲ್ ಇಟ್ಟು ಗೆರೆ ಎಳೆದರು. ಬಸವನಗುಡಿಯಲ್ಲಿ ನಿವೇಶನ ಹಂಚುವಾಗಲೂ ಬ್ಲಾಕುಗಳನ್ನ ಜಾತಿ, ಮತ ನೋಡಿಯೇ ಗುರುತು ಮಾಡಿದ್ದರು ಅನ್ನೋದನ್ನ ಇದರ ಪಕ್ಕ ಇಟ್ಟು ನೋಡಿ. ಮುಂದಿನ ರಸ್ತೆಗಳಿಗೆ ಸಂಪಿಗೆ, ಬೇವು, ದೇವಸ್ಥಾನ, ಪಾರ್ಕು ಅಂತ ಹೆಸರು. ಅಡ್ಡರಸ್ತೆಗಳಿಗೆ ಹೆಸರಿಲ್ಲ ಅಂದರೂ ನಂಬರ್ ಇದೆ. ಹಿಂದಿನ ಓಣಿಗೆ ಎರಡೂ ಇಲ್ಲ. ಫುಡ್ ಡೆಲಿವರಿ ಹುಡುಗರಿಗೆ ದಾರಿ ಹೇಳುವಾಗ ಇದು ನನಗೆ ಮೊದಲು ಗಮನಕ್ಕೆ ಬಂತು.

ಸಭೆ ಮುಗಿದ ಮೇಲೆ ಆ ಅಜ್ಜಿಯನ್ನ ಮನೆ ತನಕ ಬಿಡೋಕೆ ಹೋದೆ. ದಾರಿಯಲ್ಲಿ ಅವರೇ ಶುರು ಮಾಡಿದರು. ‘ನಂಗಾಗ ಏಳೋ ಎಂಟೋ ವರ್ಷ. ಬೆಳಗ್ಗೆ ಹಿತ್ತಲಲ್ಲಿ ತಗಡಿನ ಸದ್ದು ಕೇಳಿದರೆ ನಮ್ಮಮ್ಮ ಒಳಗೆ ಬಾ ಅಂತ ಕರೀತಿದ್ದರು. ಹಬ್ಬದ ದಿನ ಮಿಕ್ಕಿದ್ದನ್ನ ಎಲೆಯಲ್ಲಿ ಕಟ್ಟಿ ಗೋಡೆ ಮೇಲೆ ಇಡ್ತಿದ್ದರು. ಅವಳು ತಗೊಂಡು ಹೋಗಿರ್ತಿದ್ದಳು. ಇಟ್ಟದ್ದು ಇಲ್ಲ ಅಂತ ನೋಡ್ತಿದ್ದೆ, ತಗೊಂಡವಳನ್ನ ನೋಡಿಲ್ಲ.’ ಹೆಸರೇನು ಅಂತ ಕೇಳಿದೆ. ಗೇಟಿನ ಚಿಲಕ ಹಿಡಿದುಕೊಂಡು ಸ್ವಲ್ಪ ಹೊತ್ತು ಯೋಚನೆ ಮಾಡಿ ‘ಮನೇಲಿ ಯಾರೂ ಹೆಸರು ಹೇಳಿದ್ದು ಕೇಳಿಲ್ಲ ನಾನು’ ಅಂದರು.

ಕುವೆಂಪು 1928ರಲ್ಲಿ ‘ಜಲಗಾರ’ ನಾಟಕ ಬರೆದು, ಶಿವನನ್ನೇ ಜಲಗಾರನ ವೇಷದಲ್ಲಿ ಬೀದಿಗೆ ತಂದು ನಿಲ್ಲಿಸಿದರು. ಅದನ್ನ ಓದಿ ಮೆಚ್ಚಿದ ಮನೆಗಳ ಹಿತ್ತಲಲ್ಲೂ ಮರುದಿನ ಬೆಳಗ್ಗೆ ತಗಡು ಸದ್ದು ಮಾಡಿರುತ್ತೆ. ತಲೆ ಮೇಲೆ ಮಲ ಹೊರೋದನ್ನ ಕರ್ನಾಟಕದಲ್ಲಿ ಸರ್ಕಾರ ನಿಷೇಧ ಮಾಡಿದ್ದು 1970ರ ದಶಕದಲ್ಲಿ, ದೇವರಾಜ ಅರಸು ಸಂಪುಟದಲ್ಲಿದ್ದ ಬಿ. ಬಸವಲಿಂಗಪ್ಪ ಅವರ ಹಟದಿಂದ. 1973ರ ‘ಬೂಸಾ’ ಗಲಾಟೆಗಾಗಿ ಅವರನ್ನ ನೆನೆಸಿಕೊಳ್ಳೋರು ಬೇಕಾದಷ್ಟು ಜನ ಸಿಗುತ್ತಾರೆ. ಈ ಆದೇಶಕ್ಕಾಗಿ ನೆನೆಸಿಕೊಳ್ಳೋರು ಕಡಿಮೆ. ಕೇಂದ್ರದ ಕಾನೂನು ಬಂದದ್ದು 1993ರಲ್ಲಿ. ಅದು ಸಾಲದೆ 2013ರಲ್ಲಿ ಇನ್ನೊಂದು.

ಆ ಎರಡು ಕಾನೂನುಗಳ ನಡುವೆ, 2010ರ ಜುಲೈನಲ್ಲಿ, ಹಾವೇರಿ ಜಿಲ್ಲೆಯ ಸವಣೂರಲ್ಲಿ ಭಂಗಿ ಸಮುದಾಯದ ಕೆಲವರು ಪುರಸಭೆ ಕಚೇರಿ ಮುಂದೆ ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟನೆ ಮಾಡಿದರು. ಪತ್ರಿಕೆಯಲ್ಲಿ ಓದಿ ಬೆಚ್ಚಿಬಿದ್ದದ್ದು ನೆನಪಿದೆ, ಕಾರಣ ಮಾತ್ರ ಮರೆತಿದ್ದೆ. ಈ ಸಲ ಮತ್ತೆ ಓದಿದೆ. ಅವರು ತಲೆಮಾರುಗಳಿಂದ ವಾಸ ಇದ್ದ ಜಾಗದಿಂದ ಅವರನ್ನ ಎಬ್ಬಿಸಿ ಅಲ್ಲಿ ವಾಣಿಜ್ಯ ಸಂಕೀರ್ಣ ಕಟ್ಟೋ ಯೋಜನೆ ಇತ್ತು. ಸವಣೂರಲ್ಲೂ ಅದಕ್ಕಿದ್ದ ಹೆಸರು ಅಭಿವೃದ್ಧಿ.

ಮಲ್ಲೇಶ್ವರದಲ್ಲಿ ಫ್ಲಶ್ ಬಂದ ಮೇಲೆ ಓಣಿಗೆ ಕೆಲಸ ಇಲ್ಲದ ಹಾಗಾಯ್ತು. ಕೆಲವರು ಗೋಡೆಯನ್ನ ಎರಡಡಿ ಮುಂದೆ ತಂದರು, ಕೆಲವರು ಜನರೇಟರ್ ಇಟ್ಟರು. ಉಳಿದದ್ದು ಕಟ್ಟಡದ ಮಣ್ಣು, ಒಡೆದ ಕಮೋಡು, ಬೈಕು.

ಕೆಲಸದವರ ಹೆಸರೂ ಬದಲಾಯ್ತು: ಪೌರಕಾರ್ಮಿಕರು. 1970ರ ದಶಕದಲ್ಲೇ ಐ.ಪಿ.ಡಿ. ಸಾಲಪ್ಪ ಸಮಿತಿ ಅವರ ಸ್ಥಿತಿಗತಿ ನೋಡಿ, ಐನೂರು ಜನಕ್ಕೆ ಒಬ್ಬರಾದರೂ ಇರಬೇಕು ಅಂತ ಲೆಕ್ಕ ಕೊಟ್ಟಿತ್ತು. ಬೆಂಗಳೂರಲ್ಲಿ ಈ ಕೆಲಸಕ್ಕೆ ಬಂದವರಲ್ಲಿ ಹೆಚ್ಚಿನವರು ದಲಿತರು, ಅದರಲ್ಲೂ ತೆಲುಗು ಮಾತಾಡೋ ಮಾದಿಗ ಸಮುದಾಯದವರು ಬಹಳ. 2022ರ ಜುಲೈನಲ್ಲಿ ಕೆಲಸ ಕಾಯಂ ಮಾಡಿ ಅಂತ ಇವರು ರಾಜ್ಯದಾದ್ಯಂತ ಮುಷ್ಕರ ಹೂಡಿದಾಗ ನಮ್ಮ ಗ್ರೂಪಲ್ಲಿ ಕಸದ ಫೋಟೋ ಜಾಸ್ತಿಯಾಗಿತ್ತು, ಯಾಕೆ ಅನ್ನೋ ಪ್ರಶ್ನೆ ಬಂದ ನೆನಪಿಲ್ಲ.

ಸಭೆಯ ಮರುದಿನ ನಾನು ಓಣಿಯನ್ನ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದೆ. ಆರು ವರ್ಷದಲ್ಲಿ ಮೊದಲ ಸಲ. ಹೊಸ ಅಪಾರ್ಟ್‌ಮೆಂಟ್‌ಗಳ ಹಿಂಭಾಗದಲ್ಲಿ ಏನೂ ಗೊತ್ತಾಗೋದಿಲ್ಲ. ಹಳೇ ಗೋಡೆ ಉಳಿದ ಮೂರು ಕಡೆ ಬುಡದಲ್ಲಿ ಚೌಕಾಕಾರದ ಗುರುತು ಇದೆ. ಎರಡಕ್ಕೆ ಇಟ್ಟಿಗೆ ತುಂಬಿದ್ದಾರೆ, ಇಟ್ಟಿಗೆಯ ಬಣ್ಣ ಬೇರೆ ಇರೋದರಿಂದ ಕಾಣುತ್ತೆ. ಮೂರನೆಯದಕ್ಕೆ ತುಕ್ಕು ಹಿಡಿದ ತಗಡು ಇನ್ನೂ ಇದೆ. ಸ್ಲೈಡಿನಲ್ಲಿ ಇದೇ ಗೋಡೆ ಮೇಲೆ ನವಿಲು ಬರಬೇಕು, ಬುಡಕ್ಕೆಲ್ಲ ಗಾರೆ ಬಳಿದು ಸಪಾಟು ಮಾಡಿ.

ಅಲ್ಲೇ, ಯಾರದೋ ಹಿತ್ತಲ ನುಗ್ಗೆಮರದ ನೆರಳಲ್ಲಿ, ನಮ್ಮ ರಸ್ತೆ ಗುಡಿಸೋ ಅಮ್ಮ ತಳ್ಳುಗಾಡಿ ನಿಲ್ಲಿಸಿ ಬುತ್ತಿ ಬಿಚ್ಚಿ ಕೂತಿದ್ದರು. ಬೆಳಗಾಗೋಕೆ ಮುಂಚೆಯೇ ಮನೆ ಬಿಟ್ಟು ಬರುತ್ತಾರಂತೆ. ಮುಂದಿನ ರಸ್ತೆಯಲ್ಲಿ ಕೂತು ತಿನ್ನೋಕೆ ಆಗಲ್ಲ, ಯಾರಾದರೂ ಏಳಿ ಅಂತಾರೆ. ಇಲ್ಲಿ ಯಾರೂ ಏನೂ ಅನ್ನಲ್ಲ. ಕೈ ತೊಳೆಯೋಕೆ ನೀರು ಬಾಟಲಿಯಲ್ಲಿ ತರುತ್ತಾರೆ. ‘ಮತ್ತೆ ಬಾತ್‌ರೂಮಿಗೆ?’ ಅಂತ ಕೇಳಿದೆ. ‘ಮಾರ್ಕೆಟ್ ತನಕ ಹೋಗಬೇಕು ಸಾರ್, ಇಲ್ಲಾಂದ್ರೆ ಮನೆಗೆ ಹೋಗೋ ತನಕ ತಡಕೊಬೇಕು’ ಅಂದರು. ಒಂದು ಕಾಲಕ್ಕೆ ಈ ಗೋಡೆಯ ಉದ್ದಕ್ಕೂ ಸಾಲಾಗಿ ಕಕ್ಕಸುಗಳಿದ್ದ ಓಣಿ ಅದು.

ಲೇನ್ ರಿಪೇರಿ ಆಗುತ್ತಂತೆ, ಚೆನ್ನಾಗಿರುತ್ತೆ, ಬೆಂಚು ಹಾಕ್ತಾರೆ ಅಂದೆ. ‘ಗೇಟ್ ಹಾಕ್ತಾರಂತಲ್ಲ ಸಾರ್’ ಅಂದರು. ಸುದ್ದಿ ಆಗಲೇ ತಲುಪಿತ್ತು. ‘ಬೀಗ ಯಾರ ಹತ್ರ ಇರುತ್ತೆ?’

ಎರಡನೇ ಸಭೆಗೆ ನಾನು ಮೂರು ವಿಷಯ ಬರೆದುಕೊಂಡು ಹೋದೆ. ತಗಡಿನ ಕಿಂಡಿ ಇರೋ ಗೋಡೆಯನ್ನ ಹಾಗೇ ಬಿಡಬೇಕು, ಪಕ್ಕದಲ್ಲಿ ಇದೇನು ಅಂತ ನಾಲ್ಕು ಸಾಲು ಬರೆಸಬೇಕು. ಓಣಿಯಲ್ಲಿ ಒಂದು ನಲ್ಲಿ, ಒಂದು ಶೌಚಾಲಯ ಆಗಬೇಕು, ಪೌರಕಾರ್ಮಿಕರಿಗೂ ಸೇರಿ. ಗೇಟು ಬೇಡ. ಮೊದಲನೆಯದಕ್ಕೆ ಒಬ್ಬರು ‘ಅದನ್ನೆಲ್ಲ ಯಾಕೆ ಬರೆಸಬೇಕು, ಮಕ್ಕಳು ಓಡಾಡೋ ಜಾಗ’ ಅಂದರು. ಅಜ್ಜಿ ‘ನಾವೂ ಮಕ್ಕಳೇ ಆಗಿದ್ವಿ ಆಗ’ ಅಂದಮೇಲೆ ಅವರು ಸುಮ್ಮನಾದರು. ಆರ್ಕಿಟೆಕ್ಟ್ ಹುಡುಗಿ ನವಿಲನ್ನ ಪಕ್ಕದ ಗೋಡೆಗೆ ಸರಿಸಬಹುದು ಅಂದಳು. ಶೌಚಾಲಯ ಅಂದ ಕೂಡಲೇ ಯಾರ ಮನೆ ಹಿಂದೆ ಅನ್ನೋ ಪ್ರಶ್ನೆ ಎದ್ದು ಅರ್ಧ ಗಂಟೆ ಹೋಯ್ತು. ಯಾರೂ ತಮ್ಮ ಮನೆ ಹಿಂದೆ ಅನ್ನಲಿಲ್ಲ. ನನಗಂತೂ ಇಲ್ಲಿ ಹಿತ್ತಲೇ ಇಲ್ಲ, ಮೂರನೇ ಮಹಡಿ, ಹಾಗಾಗಿ ಧೈರ್ಯವಾಗಿ ಮಾತಾಡೋದು ನನಗೆ ಸುಲಭ.

ಕಾರ್ಯದರ್ಶಿಗಳು ನಡಾವಳಿ ಪುಸ್ತಕದಲ್ಲಿ ಬರೆದುಕೊಂಡದ್ದನ್ನ ರಾತ್ರಿ ಗ್ರೂಪಿಗೆ ಹಾಕಿದರು. ಕಿಂಡಿ: ಉಳಿಸಿಕೊಳ್ಳುವುದು. ನಲ್ಲಿ: ಒಪ್ಪಿಗೆ. ಶೌಚಾಲಯ: ಜಾಗ ನೋಡಿ ತೀರ್ಮಾನ. ಗೇಟು ಮತ್ತು ಬೀಗದ ಕೈ: ಮುಂದಿನ ಸಭೆಗೆ.