ಕಾವ್ಯಾವಲೋಕನದ ಅಧಿಕರಣಕ್ರಮ ಮತ್ತು ನಾಗವರ್ಮನ ಕಾಲ

ಕಾವ್ಯಾಭ್ಯಾಸಿಯು ಮೊದಲು ಅರಿಯಬೇಕಾದ ಶಬ್ದ, ದೋಷ, ಗುಣ, ಅಲಂಕಾರ, ರೀತಿ, ರಸ ಮುಂತಾದ ಪರಿಭಾಷೆಗಳನ್ನು ಕನ್ನಡದಲ್ಲಿ ನೆಲೆಗೊಳಿಸಿದವರಲ್ಲಿ ಜೈನ ಲಕ್ಷಣಕಾರರು ಅಗ್ರಗಣ್ಯರು. ಸುಮಾರು ಕ್ರಿ.ಶ. 850ರ ಕವಿರಾಜಮಾರ್ಗವು ದೋಷಾದೋಷ, ಶಬ್ದಾಲಂಕಾರ, ಅರ್ಥಾಲಂಕಾರಗಳೆಂಬ ಮೂರು ಪರಿಚ್ಛೇದಗಳಲ್ಲಿ ಕಾವ್ಯವಿಚಾರವನ್ನು ನಡೆಸಿತು. ಅದು ದಂಡಿಯ ಕಾವ್ಯಾದರ್ಶವನ್ನು ಬಹುಮಟ್ಟಿಗೆ ಅನುಸರಿಸಿದರೂ ಚತ್ತಾಣ, ಬೆದಂಡೆಗಳೆಂಬ ದೇಶೀಯ ಕಾವ್ಯಪ್ರಕಾರಗಳನ್ನು ಹೆಸರಿಸಿ ನಾಡಿನ ಸಂಪ್ರದಾಯಕ್ಕೂ ಸ್ಥಾನ ಕೊಟ್ಟಿತು. ಆದರೆ ವ್ಯಾಕರಣದಿಂದ ಕವಿಸಮಯದವರೆಗೆ ಎಲ್ಲ ಅಂಗಗಳನ್ನೂ ಒಂದೇ ಗ್ರಂಥದಲ್ಲಿ ಕ್ರಮವಾಗಿ ಬೋಧಿಸಿದ ಕೀರ್ತಿ ಇಮ್ಮಡಿ ನಾಗವರ್ಮನ ಕಾವ್ಯಾವಲೋಕನಕ್ಕೆ ಸಲ್ಲುತ್ತದೆ.

ಈ ಗ್ರಂಥದಲ್ಲಿ ಐದು ಅಧಿಕರಣಗಳಿವೆ: ಶಬ್ದಸ್ಮೃತಿ, ಕಾವ್ಯಮಲವ್ಯಾವೃತ್ತಿ, ಗುಣವಿವೇಕ, ರೀತಿಕ್ರಮರಸನಿರೂಪಣ ಮತ್ತು ಕವಿಸಮಯ. ವಾಮನನ ಕಾವ್ಯಾಲಂಕಾರಸೂತ್ರದಲ್ಲಿಯೂ ಅಧಿಕರಣಗಳು ಐದೇ. ಎರಡನ್ನೂ ಎದುರುಬದುರಾಗಿ ಇಟ್ಟು ನೋಡಿದರೆ ಗಮನಾರ್ಹವಾದ ಭೇದವು ತೋರುತ್ತದೆ. ವಾಮನನು ಶಬ್ದಶುದ್ಧಿಯನ್ನು ಗ್ರಂಥದ ಕೊನೆಗೆ ಇರಿಸಿದನು. ಶಬ್ದವಿಚಾರವು ನಾಗವರ್ಮನಲ್ಲಿ ಮೊದಲನೆಯ ಅಧಿಕರಣವಾಯಿತು. ಸಂಸ್ಕೃತ ಕಾವ್ಯಾಭ್ಯಾಸಿಗೆ ಪಾಣಿನೀಯವು ಮೊದಲೇ ಕರಗತವಾಗಿರುತ್ತಿತ್ತು. ಅವನಿಗೆ ಶಬ್ದಶುದ್ಧಿಯ ಜ್ಞಾಪನವಷ್ಟೇ ಸಾಕು. ಕನ್ನಡದ ಅಭ್ಯಾಸಿಗಾದರೋ ಸಂಧಿ, ನಾಮ, ಸಮಾಸ, ತದ್ಧಿತ, ಆಖ್ಯಾತಗಳನ್ನು ಕಾವ್ಯಪ್ರವೇಶಕ್ಕೆ ಮುನ್ನ ತಿಳಿಸಲೇಬೇಕಿತ್ತು. ಆದುದರಿಂದ ಈ ಕ್ರಮವ್ಯತ್ಯಾಸವು ಅನವಧಾನದಿಂದ ಆದುದಲ್ಲ, ಅಧ್ಯಾಪಕನ ವಿವೇಕದಿಂದ ಆದುದೆಂದು ಊಹಿಸಬಹುದು.

ರಸದ ವಿಷಯದಲ್ಲಿಯೂ ಹೀಗೆಯೇ. ರೀತಿಯೇ ಕಾವ್ಯದ ಆತ್ಮವೆಂದ ವಾಮನನು ರಸವನ್ನು ಕಾಂತಿಗುಣದಲ್ಲಿ ಅಡಗಿಸಿದನು. ನಾಗವರ್ಮನಾದರೋ ರೀತಿಯೊಡನೆ ರಸಕ್ಕೂ ಅಧಿಕರಣದ ಹೆಸರಿನಲ್ಲಿಯೇ ಸ್ಥಾನವನ್ನಿತ್ತನು. ಕಡೆಯ ಅಧಿಕರಣದಲ್ಲಿ ಅಸದಾಖ್ಯಾತಿ, ಸದಕೀರ್ತನ, ನಿಯಮಾರ್ಥ, ಐಕ್ಯ ಎಂಬ ವಿಭಾಗಗಳಿವೆ. ಇಲ್ಲದುದನ್ನು ವರ್ಣಿಸುವುದು, ಇರುವುದನ್ನು ವರ್ಣಿಸದಿರುವುದು, ಒಂದೆಡೆಗೆ ಮಾತ್ರ ನಿಯಮಿಸುವುದು, ಭಿನ್ನವಾದುವನ್ನು ಒಂದೆನ್ನುವುದು ಎಂಬ ಈ ನಾಲ್ಕರಲ್ಲಿ ಕವಿಸಂಕೇತಗಳೆಲ್ಲವೂ ಅಡಕವಾಗುತ್ತವೆ. ಕೀರ್ತಿಯನ್ನು ಬಿಳಿದೆನ್ನುವುದು ಏಕೆ, ಚಂದನವನ್ನು ಮಲಯಪರ್ವತಕ್ಕೇ ಸೀಮಿತಗೊಳಿಸುವುದು ಏಕೆ ಎಂದು ಕೇಳುವ ಶಿಷ್ಯನಿಗೆ ಇಲ್ಲಿ ಸಮಾಧಾನವುಂಟು.

ಇನ್ನು ಗ್ರಂಥಕಾರನ ಕಾಲ. ನಾಗವರ್ಮನು ಜಗದೇಕಮಲ್ಲನೆಂಬ ಚಾಳುಕ್ಯ ಅರಸನಲ್ಲಿ ಕಟಕೋಪಾಧ್ಯಾಯನಾಗಿದ್ದನು. ಈ ಬಿರುದು ಇಮ್ಮಡಿ ಜಯಸಿಂಹನಿಗೂ, ಒಂದು ಶತಮಾನದ ತರುವಾಯ ಆಳಿದ ಇಮ್ಮಡಿ ಜಗದೇಕಮಲ್ಲನಿಗೂ ಇದ್ದುದೇ ಗೊಂದಲಕ್ಕೆ ಮೂಲ. ಕಾವ್ಯಾವಲೋಕನವನ್ನು ಸಂಪಾದಿಸಿದ ಆರ್. ನರಸಿಂಹಾಚಾರ್ಯರು ಕವಿಚರಿತೆಯಲ್ಲಿ ಇವನನ್ನು ಸುಮಾರು 1145ಕ್ಕೆ ಸೇರಿಸಿದರು. ಅವರ ಮುಂದಿದ್ದ ಸಾಮಗ್ರಿಗೆ ಅದು ಯುಕ್ತವೇ ಆಗಿತ್ತು. ಅನಂತರ ಬೆಳಕಿಗೆ ಬಂದ, 1042ರಲ್ಲಿ ರಚಿತವಾದ ನಾಗವರ್ಮನ ವರ್ಧಮಾನಪುರಾಣವು ಈ ನಿರ್ಣಯವನ್ನು ಅಲುಗಿಸಿತು. ಎರಡೂ ಕೃತಿಗಳ ಕರ್ತೃ ಒಬ್ಬನೇ ಎಂಬುದನ್ನು ಅಂಗೀಕರಿಸಿದ ವಿದ್ವಾಂಸರು ಅವನನ್ನು ಜಯಸಿಂಹನ ಕಾಲಕ್ಕೆ ಒಯ್ದರು.

ನೂರು ವರ್ಷಗಳ ಈ ಅಂತರವು ಕೇವಲ ಅಂಕೆಯ ವಿಷಯವಲ್ಲ. 1042ನ್ನು ಒಪ್ಪಿದಲ್ಲಿ, 1209ರಲ್ಲಿ ಯಶೋಧರಚರಿತೆಯನ್ನು ರಚಿಸಿದ ಜನ್ನನಿಗೆ ಈ ನಾಗವರ್ಮನೇ ಗುರುವೆಂಬ ಮಾತು ನಿಲ್ಲದು. ಸುಮಾರು 1100ರ ನಾಗಚಂದ್ರನು ಲಕ್ಷಣಕಾರನಿಗೆ ಹಿಂದಿನವನಾಗದೆ ಮುಂದಿನವನಾಗುತ್ತಾನೆ. ಲಕ್ಷ್ಯಪದ್ಯಗಳ ಆಕರಗಳನ್ನು ಅರಸುವವರು ಆಗ ಹನ್ನೊಂದನೆಯ ಶತಮಾನದ ಪೂರ್ವಾರ್ಧಕ್ಕಿಂತ ಈಚಿನ ಕಾವ್ಯಗಳತ್ತ ನೋಡುವಂತಿಲ್ಲ. ಆಕರ ತಿಳಿಯದ ಪದ್ಯಗಳು ಇನ್ನೂ ಪ್ರಾಚೀನವಾದ, ಇಂದು ನಷ್ಟವಾಗಿರುವ ಕಾವ್ಯಗಳ ಅವಶೇಷಗಳಾಗಿರಬಹುದೆಂಬ ಸಂಭವವೂ ಬಲಗೊಳ್ಳುತ್ತದೆ.

ಒಂದು ಪುರಾಣವು ಓಲೆಗಳಲ್ಲಿ ಉಳಿದು ಬಂದುದರಿಂದ ಒಬ್ಬ ಶಾಸ್ತ್ರಕಾರನ ಸ್ಥಾನವು ಶತಮಾನದಷ್ಟು ಹಿಂದಕ್ಕೆ ಸರಿಯಿತು. ಬಸದಿಗಳಲ್ಲಿಯೂ ಮಠಗಳಲ್ಲಿಯೂ ಬಿಚ್ಚದೆ ಉಳಿದಿರುವ ಕಟ್ಟುಗಳನ್ನು ಪರೀಕ್ಷಿಸದೆ ಕನ್ನಡ ಕಾವ್ಯಶಾಸ್ತ್ರದ ಚರಿತ್ರೆಯನ್ನು ಪೂರ್ಣವೆಂದು ಭಾವಿಸಲಾಗದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.